ಕಿಟಕಿಯಿಂದ ಹಾಕಿದ ವಲ್ಲಿ

ಹಾವೇರಿಯ ಬಸ್ಸು ನಿಲ್ದಾಣದಲ್ಲಿ ಸಂಜೆಯ ಹೊತ್ತು ಹೊಸರಿತ್ತಿಯ ಬಸ್ಸಿಗಾಗಿ ಕಾದು ನಿಂತವರಿಗೆ ಒಂದು ವಿದ್ಯೆ ಗೊತ್ತಿರಲೇಬೇಕು. ಅದನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಆದರೆ ಆ ಸೀಮೆಯ ಹತ್ತು ವರ್ಷದ ಬಾಲಕನಿಗೂ ಅದು ಕರತಲಾಮಲಕ. ಬಸ್ಸು ಇನ್ನೂ ನಿಂತಿರುವುದಿಲ್ಲ, ಹಿಂದಕ್ಕೆ ಸರಿಯುತ್ತ ತನ್ನ ಜಾಗಕ್ಕೆ ಬರುತ್ತಿರುತ್ತದೆ. ಅಷ್ಟರಲ್ಲಿ ಹೆಗಲ ಮೇಲಿನ ವಲ್ಲಿ ಕೈಗೆ ಬಂದು, ಕಿಟಕಿಯ ಸರಳುಗಳ ನಡುವೆ ತೂರಿ, ಒಳಗಿನ ಆಸನದ ಮೇಲೆ ಬಿದ್ದಿರಬೇಕು. ಬಿದ್ದಿತೆಂದರೆ ಆ ಆಸನ ನಿಮ್ಮದು. ಅದರ ಮೇಲೆ ಮತ್ತೊಬ್ಬರು ಕೂಡುವಂತಿಲ್ಲ. ಇದನ್ನು ಯಾವ ಶಾಸನಸಭೆಯೂ ಕಾಯದೆ ಮಾಡಿಲ್ಲ. ಆದರೂ ಇದಕ್ಕೆ ಸಿಗುವಷ್ಟು ಮನ್ನಣೆ ಎಷ್ಟೋ ಕಾಯದೆಗಳಿಗೆ ಸಿಕ್ಕಿಲ್ಲ. ವಲ್ಲಿ ಇಲ್ಲದವರು ಕೈಚೀಲ ಹಾಕುತ್ತಾರೆ, ಬುತ್ತಿಯ ಡಬ್ಬಿ ಇಡುತ್ತಾರೆ; ವಿದ್ಯಾರ್ಥಿಗಳು ಪಠ್ಯಪುಸ್ತಕಕ್ಕೆ ಅಷ್ಟಾದರೂ ಕೆಲಸ ಕೊಡುತ್ತಾರೆ. ಒಮ್ಮೆ ಒಬ್ಬ ತಂದೆ ತನ್ನ ಕೂಸನ್ನೇ ಕಿಟಕಿಯಿಂದ ಒಳಗೆ ಇಳಿಸಿ, ಅದು ಅಳುತ್ತ ಆಸನ ಕಾಯುತ್ತಿದ್ದಾಗ, ತಾನು ಬಾಗಿಲಿನಿಂದ ನಿಧಾನವಾಗಿ ಹತ್ತಿ ಬಂದುದನ್ನು ಕಣ್ಣಾರೆ ಕಂಡಿದ್ದೇನೆ.

ನಾನೂ ಆ ವಿದ್ಯೆಯಲ್ಲಿ ಹಿಂದುಳಿದವನಲ್ಲ. ೨೦೨೫ರ ಮಳೆಗಾಲದ ಒಂದು ಶನಿವಾರ ಹೀಗೆಯೇ ವಲ್ಲಿ ಹಾಕಿದೆ. ಅದು ಇಬ್ಬರು ಕೂಡುವ ಆಸನದ ಮೇಲೆ ಉದ್ದಕ್ಕೂ ಹಾಸಿ ಬಿದ್ದಿತು. ಒಂದು ಭಾಗ ನನಗಾಯಿತು. ಉಳಿದ ಭಾಗ ನನ್ನ ಸ್ನೇಹಿತರೊಬ್ಬರಿಗೆ. ಅವರು ಊರ ಹೊರಗಿನ ನಿಲುಗಡೆಯಲ್ಲಿ ಹತ್ತುವವರಿದ್ದರು. ಆ ಅರ್ಧ ಆಸನದ ಕಥೆಯೇ ಈ ಲೇಖನ.

ನಮ್ಮ ಕಡೆಯ ಬಸ್ಸಿನಲ್ಲಿ ಶಿಷ್ಟಾಚಾರವೇ ಇಲ್ಲವೆಂದು ಪಟ್ಟಣದವರು ಮೂಗು ಮುರಿಯುವುದುಂಟು. ಅವರು ನೋಡುವುದು ಬಾಗಿಲಿನ ನೂಕುನುಗ್ಗಲನ್ನು ಮಾತ್ರ. ಒಳಗೆ ಹೊಕ್ಕ ಮೇಲೆ ಬೇರೆಯೇ ಒಂದು ಸಂಸಾರ ಆರಂಭವಾಗುತ್ತದೆ. ನಿಂತವರ ಭಾರದ ಚೀಲವನ್ನು ಕುಳಿತವರು ಕೇಳದೆಯೇ ಇಸಿದುಕೊಂಡು ತೊಡೆಯ ಮೇಲೆ ಇರಿಸಿಕೊಳ್ಳುತ್ತಾರೆ. ಅಪರಿಚಿತರ ಮಗು ಯಾರದೋ ಮಡಿಲಲ್ಲಿ ನಿದ್ದೆ ಮಾಡುತ್ತದೆ. ಹಿಂದಿನಿಂದ ಕೊಟ್ಟ ನೋಟು ಹತ್ತು ಕೈ ದಾಟಿ ನಿರ್ವಾಹಕನನ್ನು ಮುಟ್ಟಿ, ಟಿಕೆಟು ಚಿಲ್ಲರೆಗಳು ಅದೇ ಹತ್ತು ಕೈಗಳಿಂದ ತಪ್ಪದೆ ಹಿಂದಿರುಗುತ್ತವೆ. ಬ್ಯಾಡಗಿಯ ಪೇಟೆಗೆ ಹೋಗಿ ಬಂದವರ ಖಾಲಿ ಚೀಲದಿಂದ ಮೆಣಸಿನಕಾಯಿಯ ಘಾಟು ಎದ್ದು ಅರ್ಧ ಬಸ್ಸು ಸೀನತೊಡಗಿದರೂ, ಯಾರೂ ಸಿಡುಕುವುದಿಲ್ಲ. ಈ ಸಲ ದರ ಹೇಗಿದೆಯೆಂದು ಕೇಳುತ್ತಾರೆ. ಇಬ್ಬರ ಆಸನದ ಮೇಲೆ ಮೂರನೆಯವರು ಬಂದು ‘ಯಣ್ಣಾ, ಸ್ವಲ್ಪ ಸರಕೊಳ್ರಿ’ ಎಂದರೆ ಸರಿಯದವರು ಕಡಿಮೆ. ‘ಅಣ್ಣಾ’, ‘ಅಕ್ಕಾ’, ‘ತಮ್ಮಾ’, ‘ಅಜ್ಜಾರ’ ಎಂಬ ಸಂಬಂಧಗಳು ಟಿಕೆಟು ಕೊಳ್ಳುವ ಮೊದಲೇ ಏರ್ಪಟ್ಟು, ಊರು ಬಂದೊಡನೆ ಯಾವ ವ್ಯಥೆಯೂ ಇಲ್ಲದೆ ಮುಗಿಯುತ್ತವೆ. ಇನ್ನು ನಿರ್ವಾಹಕನಂತೂ ಪರಮ ಆಶಾವಾದಿ. ಕಾಲೂರಲು ಎಡೆಯಿಲ್ಲದಾಗಲೂ ‘ಒಳಗ ನಡೀರಿ, ನಡುವ ಜಾಗಾ ಐತಿ’ ಎಂದು ಘೋಷಿಸುತ್ತಿರುತ್ತಾನೆ. ಆ ನಡುವಿನ ಜಾಗವನ್ನು ಅಂದಿನವರೆಗೆ ನಾನು ಕಂಡಿರಲಿಲ್ಲ.

ಈ ಹೊಂದಾಣಿಕೆ ನಮಗೆ ತಾತ ಮುತ್ತಾತಂದಿರಿಂದ ಬಂದುದಲ್ಲ ಎಂಬುದನ್ನು ಮರೆಯಬಾರದು. ಕೇರಿ ಬೇರೆ, ಬಾವಿ ಬೇರೆ, ಪಂಕ್ತಿ ಬೇರೆ ಎಂದು ಬದುಕಿದ ಹಳ್ಳಿಗರನ್ನು ಒಂದೇ ಹಲಗೆಯ ಮೇಲೆ ಮೈಗೆ ಮೈ ತಾಗಿಸಿ ಕೂಡಿಸಿದ ಹೊಸ ವಸ್ತುಗಳು ಮುಖ್ಯವಾಗಿ ಎರಡು: ಒಂದು ಮೋಟಾರು ಬಸ್ಸು, ಮತ್ತೊಂದು ಸಿನೆಮಾ. ಇವೆರಡೂ ಟಿಕೆಟನ್ನು ಕೇಳಿದವು, ಕುಲವನ್ನು ಕೇಳಲಿಲ್ಲ. ಕನ್ನಡದ ತೆರೆಗೆ ಬಂದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರದು. ಹಳೆಯ ಮೈಸೂರಿನಲ್ಲಿ ಸರಕಾರದ ರಸ್ತೆ ಸಾರಿಗೆ ಇಲಾಖೆ ೧೯೪೮ರಲ್ಲಿ ಹುಟ್ಟಿ, ೧೯೬೧ರಲ್ಲಿ ನಿಗಮವಾಯಿತು. ೧೯೫೬ರ ಏಕೀಕರಣದವರೆಗೆ ಹಾವೇರಿಯ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಈಗ ಈ ಭಾಗದ ಬಸ್ಸುಗಳನ್ನು ನಡೆಸುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ, ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯೂ ೧೯೯೭ರಲ್ಲಿಯೇ ಹುಟ್ಟಿದ ಒಂದೇ ವಯಸ್ಸಿನವು. ಬಯಲಿನ ಡೇರೆಯಲ್ಲಿ ನೆಲದ ಟಿಕೆಟು ಕೊಂಡು ಸಿನೆಮಾ ನೋಡಿದವನಿಗೂ, ಕೆಂಪು ಬಸ್ಸಿನ ಹಿಂದಿನ ಆಸನದಲ್ಲಿ ಕುಲುಕಾಡಿ ಬಂದವನಿಗೂ ಆದ ಅನುಭವ ಒಂದೇ: ಪಕ್ಕದಲ್ಲಿ ಕುಳಿತವರು ಯಾರೆಂದು ಗೊತ್ತಿಲ್ಲ, ಆದರೂ ಕೂಡಿಯೇ ಹೋಗಬೇಕು, ಕೂಡಿಯೇ ನಗಬೇಕು.

ಬಸ್ಸಿನ ಆಸನ ಎಂಥ ದೊಡ್ಡ ಮಾತೆಂಬುದನ್ನು ಅಮೆರಿಕ ದೇಶದ ಒಂದು ಊರು ತೋರಿಸಿಕೊಟ್ಟಿತು. ಅಲಬಾಮಾದ ಮಾಂಟ್ಗೊಮರಿಯಲ್ಲಿ ೧೯೫೫ರ ಡಿಸೆಂಬರ್ ೧ರ ಸಂಜೆ ರೋಸಾ ಪಾರ್ಕ್ಸ್ ಎಂಬ ಕರಿಯ ಹೆಣ್ಣುಮಗಳು, ಬಿಳಿಯ ಪ್ರಯಾಣಿಕನಿಗೆ ಆಸನ ಬಿಟ್ಟು ಏಳಲು ಒಪ್ಪಲಿಲ್ಲ. ಆಕೆಯನ್ನು ಬಂಧಿಸಿದರು. ಆ ಊರಿನ ಕರಿಯರು ೩೮೧ ದಿನ ಬಸ್ಸು ಹತ್ತದೆ ನಡೆದರು. ಕೊನೆಗೆ ಬಸ್ಸಿನೊಳಗಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯ ಹೇಳಬೇಕಾಯಿತು. ಎದ್ದು ಆಸನ ಕೊಡುವುದು ಸೌಜನ್ಯ ನಿಜ. ಆದರೆ ಬಲವಂತದಿಂದ ಎಬ್ಬಿಸಿದಾಗ ಅದು ಸೌಜನ್ಯವಲ್ಲ, ಅಪಮಾನ. ಸೌಜನ್ಯವೆಂಬುದು ಕುಳಿತವನ ಮನಸ್ಸಿನಿಂದ ಏಳಬೇಕು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವುದು ಸುಲಭ, ಆಗ ನಾನು ನಿಂತಿರುತ್ತಿದ್ದೆ, ಮಕ್ಕಳು ಕುಳಿತಿರುತ್ತಿದ್ದರು.

ಆ ಶನಿವಾರ ಬಸ್ಸು ತುಂಬಿತು. ಕಟ್ಟಕಡೆಯಲ್ಲಿ ಹತ್ತಿದವಳು ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಕೈಯಲ್ಲಿ ಒಂದು ಚೀಲ, ಕಂಕುಳಲ್ಲಿ ಒಂದು ಗಂಟು. ನನ್ನ ಬಳಿ ಬಂದು, ‘ಸರ, ಇಲ್ಲಿ ಯಾರರೆ ಬರಾವರ ಅದಾರೇನ್ರಿ?’ ಎಂದು ಕೇಳಿದಳು. ‘ಬರುವವರಿದ್ದಾರೆ’ ಎಂದೆ. ವಲ್ಲಿಯನ್ನು ನೋಡಿದಳು, ನನ್ನನ್ನು ನೋಡಿದಳು, ‘ಹೌದ್ರೀ’ ಎಂದು ಕಂಬಿ ಹಿಡಿದು ನಿಂತಳು. ನಾನು ಸುಳ್ಳು ಹೇಳಿರಲಿಲ್ಲ. ಆದರೂ ಆ ‘ಹೌದ್ರೀ’ ಸ್ವಲ್ಪ ಹೊತ್ತು ಕಿವಿಯಲ್ಲಿ ಉಳಿಯಿತು.

ಊರ ಹೊರಗಿನ ನಿಲುಗಡೆ ಬಂತು. ಸ್ನೇಹಿತರು ಅಲ್ಲಿರಲಿಲ್ಲ. ಬಸ್ಸು ಮುಂದೆ ಸಾಗಿತು. ಮುಂದಿನ ನಿಲುಗಡೆಯಲ್ಲಿ ಹತ್ತಬಹುದೇನೋ ಎಂದು ನಾನು ವಲ್ಲಿ ತೆಗೆಯಲಿಲ್ಲ. ಮನುಷ್ಯನ ಮನಸ್ಸು ವಿಚಿತ್ರ: ಒಮ್ಮೆ ಹಿಡಿದ ಜಾಗವನ್ನು ಕಾರಣ ಹೋದ ಮೇಲೂ ಹಿಡಿದೇ ಇರುತ್ತದೆ.

ಅಷ್ಟರಲ್ಲಿ ನಡುವಯಸ್ಸಿನ ಒಬ್ಬ ಗೃಹಸ್ಥರು ಗೊಣಗತೊಡಗಿದರು: ‘ಪುಕ್ಕಟೆ ಅಂತ ಎಲ್ಲಾರೂ ಹೊಂಟಬಿಟ್ಟಾರ. ರೊಕ್ಕಾ ಕೊಟ್ಟಾವ್ರು ನಿಲ್ಲೂ ಕಾಲ ಬಂತು.’ ೨೦೨೩ರ ಜೂನ್ ೧೧ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದಂದಿನಿಂದ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುತ್ತಾರೆ. ಅವರಿಗೆ ಸೊನ್ನೆ ಬೆಲೆಯ ಟಿಕೆಟು ಸಿಗುತ್ತದೆ. ಆ ವ್ಯವಸ್ಥೆಯಲ್ಲಿ ಇಂಥ ಬಸ್ಸುಗಳ ಅರ್ಧದಷ್ಟು ಆಸನಗಳನ್ನು ಗಂಡಸರಿಗೆ ಮೀಸಲಿಟ್ಟದ್ದೂ ಉಂಟು. ಗೃಹಸ್ಥರ ಮಾತಿಗೆ ಕಂಬಿ ಹಿಡಿದು ನಿಂತವಳು ತಿರುಗಿ ಹೇಳಿದಳು: ‘ಯಣ್ಣಾ, ಟಿಕೀಟು ನಿನಗೂ ಐತಿ, ನನಗೂ ಐತಿ. ನಿಂದರಾಗ ರೊಕ್ಕ ಬರದೈತಿ, ನಂದರಾಗ ಸೊನ್ನಿ ಬರದೈತಿ. ಕುಲಕಾಟ ಇಬ್ಬರಿಗೂ ಒಂದ.’ ಬಸ್ಸು ನಕ್ಕಿತು, ಗೊಣಗಿದವರೂ ನಕ್ಕರು. ಸಿಟ್ಟಿಲ್ಲದೆ ಉತ್ತರ ಕೊಡುವುದನ್ನು ಬಲ್ಲ ಜನ ಇವರು.

ನಗುವಿನ ಬೆನ್ನಿಗೆ ಮಾತು ಸಿನೆಮಾದ ಕಡೆಗೆ ಹೊರಳಿತು. ಬಸ್ಸಿನ ಮಾತು ಮಳೆಯಿಂದ ಆರಂಭವಾಗಿ, ಬೆಳೆಗೆ ಬಂದು, ರಾಜಕಾರಣದಲ್ಲಿ ಬಿಸಿಯಾಗಿ, ಸಿನೆಮಾದಲ್ಲಿ ತಣ್ಣಗಾಗುವುದು ವಾಡಿಕೆ. ಕಾಲೇಜಿನ ಹುಡುಗನೊಬ್ಬ ಇತ್ತೀಚಿನ ಚಿತ್ರಗಳ ಮೇಲೆ ತೀರ್ಪು ಕೊಡುತ್ತ ಹೊರಟ. ಅವನ ವಿಮರ್ಶೆಯ ಪರಿಭಾಷೆ ಬಹು ಸಂಕ್ಷಿಪ್ತ. ಒಳ್ಳೆಯದಾದರೆ ‘ಬೆಂಕಿ’, ಇಲ್ಲವಾದರೆ ‘ಲ್ಯಾಗ್’; ಈ ಎರಡರ ನಡುವೆ ಅವನ ನಿಘಂಟಿನಲ್ಲಿ ಮತ್ತೊಂದು ಶಬ್ದವಿಲ್ಲ. ೨೦೨೨ರ ‘ಕಾಂತಾರ’ ಬೆಂಕಿ. ಕರಾವಳಿಯ ಭೂತಕೋಲ ಹಾವೇರಿಯವರಿಗೆ ಹೇಗೆ ತಿಳಿಯಿತು ಎಂದು ಒಬ್ಬರು ಕೇಳಿದುದಕ್ಕೆ, ‘ದೇವರು ಮೈಮ್ಯಾಲ ಬರೂದು ತಿಳ್ಯಾಕ ಭಾಷೆ ಯಾಕ ಬೇಕ್ರಿ?’ ಎಂದ. ಆ ಉತ್ತರ ಅವನ ‘ಬೆಂಕಿ’ಗಿಂತ ಎಷ್ಟೋ ಮೇಲಾದ ವಿಮರ್ಶೆಯಾಗಿದ್ದಿತು.

ಹಿಂದಿನ ಆಸನದ ಅಜ್ಜನೊಬ್ಬನದು ಬೇರೊಂದು ದೂರು: ‘ಮಂಗಳೂರ ಕಡೆ ಮಾತಿನ್ಯಾಗ ಸಿನೆಮಾ ಬಂತು, ಮಂಡ್ಯದ ಮಾತಿನ್ಯಾಗ ಬಂತು. ನಮ್ಮ ಮಾತು ಸಿನೆಮಾದಾಗ ನಗಸಾಕ ಅಷ್ಟ ಏನ್ರೀ?’ ಯೋಚಿಸಬೇಕಾದ ಮಾತು. ಉತ್ತರ ಕರ್ನಾಟಕದ ನುಡಿಯಾಡುವವನು ತೆರೆಯ ಮೇಲೆ ಬಂದೊಡನೆ, ಅವನು ಏನು ಹೇಳಿದನೆಂಬುದನ್ನು ಕೇಳದೆ ನಗಲು ಪ್ರೇಕ್ಷಕರನ್ನು ಎಷ್ಟೋ ಚಿತ್ರಗಳು ಪಳಗಿಸಿವೆ. ಅಜ್ಜನಿಗೆ ಮತ್ತೊಬ್ಬರು ೧೯೯೦ರ ‘ಸಂತ ಶಿಶುನಾಳ ಶರೀಫ’ವನ್ನು ನೆನಪಿಸಿದರು. ಶರೀಫರ ಶಿಶುವಿನಹಾಳ ಇದೇ ಜಿಲ್ಲೆಯದು. ಟಿ. ಎಸ್. ನಾಗಾಭರಣರು ನಿರ್ದೇಶಿಸಿ, ಶ್ರೀಧರರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿಯೂ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಸಂದಿತು. ‘ಅದು ಸಂತರ ಕತಿ ಬಿಡ್ರಿ. ಬರೇ ಸಂತರು ಆದ್ರ ಸಾಕೇನು? ನಮ್ಮಂಥಾವ್ರು?’ ಎಂದ ಅಜ್ಜ. ಯಾರ ಬಳಿಯೂ ಉತ್ತರವಿರಲಿಲ್ಲ.

ಆಗ ಬಂತು ‘ಸು ಫ್ರಮ್ ಸೋ’ದ ಪ್ರಸ್ತಾಪ. ಜೆ. ಪಿ. ತುಮಿನಾಡು ಅವರ ಈ ಚಿತ್ರ ೨೦೨೫ರ ಜುಲೈ ೨೫ರಂದು ತೆರೆಗೆ ಬಂದು, ದೊಡ್ಡ ತಾರೆಯರ ಅಬ್ಬರವಿಲ್ಲದೆ, ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದಲೇ ನಾಡೆಲ್ಲ ನಡೆಯಿತು. ಸೋಮೇಶ್ವರದ ಸುಲೋಚನಾ ಎಂಬ ಹೆಸರಿನ ದೆವ್ವ ತನ್ನ ಮೈಮೇಲೆ ಬಂದಿದೆಯೆಂದು ನಟಿಸುವ ತರುಣನ ಕಥೆ ಅದು. ಹೆಣ್ಣೊಬ್ಬಳ ಬಚ್ಚಲಿನತ್ತ ಕದ್ದು ನೋಡಿ ಸಿಕ್ಕಿಬಿದ್ದ ಅವನಿಗೆ ಆ ದೆವ್ವ ಒಳ್ಳೆಯ ರಕ್ಷಣೆಯಾಗುತ್ತದೆ. ೧೯೩೪ರಲ್ಲಿ ಸುಲೋಚನೆಯೊಬ್ಬಳಿಂದ ಮಾತನಾಡಲು ಕಲಿತ ಕನ್ನಡ ತೆರೆ ತೊಂಬತ್ತೊಂದು ವರ್ಷಗಳ ತರುವಾಯ ಮತ್ತೊಬ್ಬ ಸುಲೋಚನೆಯಿಂದ ನಕ್ಕಿತು. ಈ ಚಮತ್ಕಾರ ನನಗೆ ಹೊಳೆದದ್ದು ಆಮೇಲೆ. ಆ ಸಂಜೆ ನನಗೆ ಹೊಳೆದದ್ದು ಉಪದೇಶ. ‘ದೆವ್ವದ ಚಿತ್ರಗಳಿಗೆ ಜನ ಮುಗಿಬೀಳುತ್ತಾರೆಂದರೆ ಅಭಿರುಚಿ ಕೆಟ್ಟಿತೆಂದೇ ಅರ್ಥ. ೧೯೫೪ರ ‘ಬೇಡರ ಕಣ್ಣಪ್ಪ’ದಂಥ ಚಿತ್ರಗಳನ್ನು ನೋಡಿದ ನಾವು...’ ಎಂದು ಗಂಭೀರವಾಗಿ ಆರಂಭಿಸಿದೆ.

ಹುಡುಗ ವಿನಯದಿಂದ ಕೇಳಿದ: ‘ಸರ, ನೀವು ನೋಡೀರೇನ್ರಿ ಅದನ್ನ?’

ನೋಡಿರಲಿಲ್ಲ. ‘ನೋಡುವ ಅಗತ್ಯವೇನು? ಕೇಳಿದರೆ ತಿಳಿಯುತ್ತದೆ’ ಎಂದೆ. ಹುಡುಗ ಸುಮ್ಮನಾದ. ಸುಮ್ಮನಾಗದವಳು ನಿಂತಿದ್ದವಳು.

‘ನಾ ನೋಡೇನ್ರಿ ಸರ. ಹುಬ್ಬಳ್ಳ್ಯಾಗ, ಮಗಳ ಕೂಡ. ಭಾಳ ವರ್ಷದ ಮ್ಯಾಲ ಥೇಟರದಾಗ ಕುಂತಿದ್ದೆ. ನಕ್ಕು ನಕ್ಕು ಸಾಕಾತು. ಆದ್ರ ಹೊಳ್ಳಿ ಬರುವಾಗ ಬಸ್ಸಿನ್ಯಾಗ ನಿಂತಾಗ ಒಂದು ಮಾತು ಮನಸಿಗೆ ಹತ್ತಿತ್ರಿ. ಆ ಹುಡುಗ ಕದ್ದು ನೋಡಿ ದೆವ್ವದ ಹೆಸರು ಹೇಳಿದ. ಊರ ಮಂದಿ ದೆವ್ವದ ಹಿಂದ ಬಿದ್ರು. ಆ ಹುಡಿಗಿಗೆ ಹ್ಯಾಂಗ ಆಗಿದ್ದೀತು ಅಂತ ಅಲ್ಲಿ ಕುಂತಾಗ ನನಗೂ ಅನ್ನಸಲಿಲ್ಲ, ನಾನೂ ನಗಾಕತ್ತಿದ್ದೆ. ಬಸ್ಸಿನ್ಯಾಗ ತಿಳೀತು. ಇಲ್ಲೂ ಹಂಗ ಅಲ್ಲೇನ್ರಿ? ಗದ್ದಲದಾಗ ಮೈಮ್ಯಾಲ ಬೀಳಾವ ಬ್ರೇಕಿನ ಹೆಸರು ಹೇಳತಾನ.’

ಅವಳು ಯಾರನ್ನೂ ಬೊಟ್ಟು ಮಾಡಿ ತೋರಿಸಲಿಲ್ಲ, ದನಿ ಏರಿಸಲೂ ಇಲ್ಲ. ಆದರೆ ನಡುವಿನಲ್ಲಿ ಒತ್ತಿ ನಿಂತಿದ್ದ ಮೂರು ನಾಲ್ಕು ಜನ ಗಂಡಸರು ಏನನ್ನೋ ನೆನೆಸಿಕೊಂಡವರಂತೆ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ನಿರ್ವಾಹಕ ಇಷ್ಟು ವರ್ಷ ಸಾರುತ್ತಿದ್ದ ಆ ‘ನಡುವಿನ ಜಾಗ’ ನನ್ನ ಕಣ್ಣಿಗೆ ಬಿದ್ದದ್ದು ಆಗ. ಅದು ಮೊದಲಿನಿಂದಲೂ ಅಲ್ಲಿಯೇ ಇದ್ದಿತು.

ನಾನು ವಿಮರ್ಶೆಯ ಪುಸ್ತಕಗಳನ್ನು ಓದಿದವನು. ಒಂದು ಕಾಲಕ್ಕೆ ಪಾಠ ಹೇಳಿದವನು. ಕಲಾಕೃತಿ ಮುಗಿದ ಮೇಲೂ ಸಹೃದಯನೊಳಗೆ ಅದು ಬೆಳೆಯುತ್ತದೆಂದು ಎಷ್ಟೋ ಸಲ ವಿವರಿಸಿದ್ದೇನೆ. ಆ ಬೆಳವಣಿಗೆ ಹಾವೇರಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವುದನ್ನು ಕಂಡದ್ದು ಅಂದೇ. ಅವಳು ಚಿತ್ರವನ್ನು ಹೊಗಳಲಿಲ್ಲ, ತೆಗಳಲಿಲ್ಲ. ತಾನು ನಕ್ಕುದನ್ನು ಮುಚ್ಚಿಡಲೂ ಇಲ್ಲ. ಕುಳಿತು ಕಂಡದ್ದನ್ನು ನಿಂತು ಮತ್ತೊಮ್ಮೆ ಕಂಡಳು. ನಾನಾದರೋ ನೋಡದ ಚಿತ್ರದ ಮೇಲೆ ತೀರ್ಪನ್ನು ಎಸೆದಿದ್ದೆ. ಕಿಟಕಿಯಿಂದ ವಲ್ಲಿ ಹಾಕುವುದೂ ಅದೇ ತಾನೇ? ಒಳಗೆ ಹೋಗಿ ಕೂಡದೆಯೇ ಜಾಗ ತನ್ನದೆನ್ನುವುದು; ಆಮೇಲೆ ಬಂದವರಿಗೆ ‘ಇಲ್ಲಿ ಬರುವವರಿದ್ದಾರೆ’ ಎನ್ನುವುದು.

ಈ ಸೀಮೆಯವರೇ ಆದ ಗಳಗನಾಥರು ನೆನಪಾದರು. ೧೮೬೯ರಲ್ಲಿ ಹುಟ್ಟಿ ೧೯೪೨ರಲ್ಲಿ ತೀರಿಕೊಂಡ ವೆಂಕಟೇಶ ತಿರಕೊ ಕುಲಕರ್ಣಿಯವರು ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ, ಕಾದಂಬರಿಗಳನ್ನು ಬರೆದು, ಆ ಪುಸ್ತಕಗಳ ಹೊರೆಯನ್ನು ಹೊತ್ತು ಊರಿಂದೂರಿಗೆ ನಡೆದು ಮಾರಿದವರು. ಬರೆದವನೇ ಓದುವವನ ಕಟ್ಟೆಗೆ ಹೋಗಿ ಕುಳಿತಾಗ, ಓದುಗನ ಮಾತು ಎಂಥದೇ ಇದ್ದರೂ ಅದನ್ನು ಕೇಳದೆ ಏಳುವಂತಿರಲಿಲ್ಲ. ಸಾಹಿತ್ಯಕ್ಕೂ ಸಿನೆಮಾಕ್ಕೂ ನಡುವೆ ಗೋಡೆ ಕಟ್ಟುವವರಿಗೆ ಹಾವೇರಿಯೇ ಉತ್ತರ ಕೊಟ್ಟಿದೆ: ೨೦೨೩ರ ಜನವರಿಯಲ್ಲಿ ಇಲ್ಲಿ ನಡೆದ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ದೊಡ್ಡರಂಗೇಗೌಡರು; ‘ಪರಸಂಗದ ಗೆಂಡೆತಿಮ್ಮ’ದಂಥ ಚಿತ್ರಗಳಿಗೆ ಹಾಡು ಬರೆದ ಕವಿ. ಸಮ್ಮೇಳನದ ವೇದಿಕೆಯಲ್ಲಿ ಸಿನೆಮಾದ ಕವಿಗೆ ಸ್ಥಳ ಸಿಕ್ಕಿತು. ಬಸ್ಸಿನ ಪ್ರೇಕ್ಷಕಳ ಅಭಿಪ್ರಾಯಕ್ಕೆ ನಮ್ಮಂಥವರ ಮನಸ್ಸಿನಲ್ಲಿ ಅರ್ಧ ಆಸನವಾದರೂ ಸಿಗಬೇಡವೆ?

ಇಂಥ ಮಾತುಗಳು ಇನ್ನೆಷ್ಟು ದಿನ ಕೇಳಿಬಂದಾವೆಂಬ ಶಂಕೆ ನನಗಿದೆ. ಕೈಯಲ್ಲಿ ಮೊಬೈಲು ಬಂದ ಮೇಲೆ ಪ್ರತಿಯೊಬ್ಬರ ಸಿನೆಮಾ ಅವರವರ ಅಂಗೈಯಲ್ಲಿದೆ. ಒಬ್ಬರ ಅಂಗೈಯ ಸಿನೆಮಾ ನಲವತ್ತು ಜನರ ಕಿವಿಗೆ ಬಡಿದಾಗ ೨೦೨೧ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಸರಕಾರಿ ಬಸ್ಸುಗಳಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು ಹಾಕುವುದನ್ನು ನಿಷೇಧಿಸಬೇಕಾಯಿತು. ನಿಷೇಧ ಸರಿಯಾದುದೇ. ಆದರೆ ಕಿವಿಗೆ ತಂತಿ ಸಿಕ್ಕಿಸಿಕೊಂಡವನು ಪಕ್ಕದವರಿಗೆ ತೊಂದರೆ ಕೊಡುವುದಿಲ್ಲ ಎಂಬುದು ಎಷ್ಟು ನಿಜವೋ, ಪಕ್ಕದವರ ಮಾತು ಅವನನ್ನು ಮುಟ್ಟುವುದಿಲ್ಲ ಎಂಬುದೂ ಅಷ್ಟೇ ನಿಜ. ಆ ಸಂಜೆ ನನ್ನ ಕಿವಿಯಲ್ಲಿ ತಂತಿ ಇದ್ದಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ. ನನ್ನ ಅಭಿಪ್ರಾಯ ನನ್ನ ವಲ್ಲಿಯ ಕೆಳಗೆ ಸುಖವಾಗಿ ಮಲಗಿರುತ್ತಿದ್ದಿತು.

ಕೊನೆಗೂ ವಲ್ಲಿಯನ್ನು ತೆಗೆದೆ. ‘ತಂಗೀ, ಬಾ, ಕುಳಿತುಕೋ’ ಎಂದೆ. ಅವಳು ಗಂಟನ್ನು ಕಂಕುಳಿಗೆ ಏರಿಸಿಕೊಂಡು ನಕ್ಕಳು. ‘ಇರ್ಲಿ ಬಿಡ್ರಿ ಸರ, ನಮ್ಮೂರು ಬಂತ್ರಿ’ ಎಂದಳು. ಬಸ್ಸು ನಿಂತಿತು. ಕಾಲೇಜಿನ ಹುಡುಗ ಅವಳ ಚೀಲವನ್ನು ಕೆಳಗಿಳಿಸಿ ಕೊಟ್ಟ. ಗೋವಿನಜೋಳದ ಹೊಲಗಳ ನಡುವೆ, ತುಂತುರು ಮಳೆಯಲ್ಲಿ, ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಹೋಗುವುದು ಸ್ವಲ್ಪ ದೂರ ಕಾಣಿಸಿತು. ಅಲ್ಲಿಂದ ಹೊಸರಿತ್ತಿಯವರೆಗೆ ನನ್ನ ಪಕ್ಕದ ಆಸನ ಖಾಲಿಯಾಗಿಯೇ ಬಂದಿತು. ಕರೆದರೂ ಯಾರೂ ಕೂಡಲಿಲ್ಲ. ಊರು ಹತ್ತಿರ ಬಂದಿದ್ದಿತು.

ಹೊಸರಿತ್ತಿ ಸಣ್ಣ ಊರಾದರೂ ದೊಡ್ಡ ನೆನಪುಗಳ ಊರು. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರು. ೧೯೪೩ರ ಏಪ್ರಿಲ್ ೧ರಂದು ಇಲ್ಲಿಯ ವೀರಭದ್ರ ದೇವಾಲಯದಲ್ಲಿ ಇರಿಸಿದ್ದ ಬ್ರಿಟಿಷ್ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಬಂದು, ತಿರುಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಪೊಲೀಸರ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ರಕ್ತ ಬಿದ್ದ ಊರು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಆ ತರುಣ ೧೯೩೦ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ನಡೆದವನು. ಆ ತಂಡದಲ್ಲಿದ್ದ ಏಕೈಕ ಕನ್ನಡಿಗ. ಇಪ್ಪತ್ತನಾಲ್ಕು ದಿನ ಅವನು ಸಾಲು ತಪ್ಪದೆ ನಡೆದ; ಯಾರಿಗೂ ಯಾವ ಜಾಗವೂ ಕಾದಿರಿಸಿರಲಿಲ್ಲ. ಅಂಥವನ ನೆಲದ ಮೇಲೆ, ಬಸ್ಸು ನಿಂತೊಡನೆ, ನಾವು ಮೂವತ್ತು ಜನ ಒಂದೇ ಬಾಗಿಲಿಗೆ ಒಮ್ಮೆಗೆ ನುಗ್ಗಿದೆವು. ನಾನೂ ನುಗ್ಗುವವನಿದ್ದೆ. ಅಂದು ಏನೋ ಅನ್ನಿಸಿ, ಎಲ್ಲರೂ ಇಳಿಯುವವರೆಗೆ ಕುಳಿತಿದ್ದೆ.

ಮರುವಾರ ಆ ಚಿತ್ರವನ್ನು ನೋಡಿದೆ. ನಾನೂ ನಕ್ಕೆ; ನಗುವಾಗ ಒಮ್ಮೆ ಅವಳ ಮಾತು ನೆನಪಾಗಿ ನಗು ಅರ್ಧಕ್ಕೆ ನಿಂತಿತು. ಅದರ ಕೊನೆ ಹೇಗಿದೆಯೆಂಬುದನ್ನು ಇಲ್ಲಿ ಹೇಳುವುದಿಲ್ಲ. ನೋಡದವರಿಗೆ ಕೊನೆಯನ್ನು ಹೇಳಬಾರದೆಂಬುದು ಬಸ್ಸಿನ ಸಂಭಾವಿತರೆಲ್ಲ ಒಪ್ಪಿಕೊಂಡ ನಿಯಮ. ನನ್ನ ವಲ್ಲಿ ಈಗಲೂ ಹೆಗಲ ಮೇಲಿದೆ. ಹಾವೇರಿಯ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಸರಿಯತೊಡಗಿದಾಗ ಕೈ ತಾನಾಗಿ ಅದರ ಕಡೆಗೆ ಹೋಗುತ್ತದೆ. ಒಮ್ಮೊಮ್ಮೆ ತಡೆಯುತ್ತೇನೆ, ಒಮ್ಮೊಮ್ಮೆ ತಡೆಯಲಾಗುವುದಿಲ್ಲ. ಹಾಕಿದರೂ ಈಗ ಮಡಿಸಿ ಹಾಕುತ್ತೇನೆ. ಒಬ್ಬರ ಜಾಗಕ್ಕೆ ಸಾಕಾಗುವಷ್ಟು.